ನಾಲ್ಕನೇ ಖಾನೆ

ಅಮಾಸೆ. ಲಾರಿ ಯಾವುದೂ ಬರುವುದಿಲ್ಲ.
ಶಟರ್ ಅರ್ಧ ಎತ್ತಿ, ಹಳೇ ಟೈರಿನ ಮೇಲೆ ಕೂತು
ಬುಡೇನ್ ಮೇಸ್ತ್ರಿ ಅಂದರು:
ಇವತ್ತು ಪೆಟ್ಟಿಗೆ ಬಿಚ್ಚು. ಎಲ್ಲಾ ಖಾನೆ ಹೊರಗೆ ತೆಗಿ.

ಕಾಟನ್ ಮಿಲ್ಲು ಮುಚ್ಚಿದ ವರ್ಷ ಹರಾಜಿನಲ್ಲಿ ಹಿಡಿದದ್ದು,
ಏಳು ಖಾನೆ, ನಾಲ್ಕಾಳು ಹೊರುವ ಭಾರ.
ಹಸಿರು ಬಣ್ಣ ಈಗ ಹಿಡಿಕೆಗಳ ಸಂದಿಯಲ್ಲಿ ಮಾತ್ರ.

ಪೂರ್ತಿ ಎಳಿ, ತುದೀಗೆ ಬಂದು ತಡಿತೈತಿ.
ಎಡಗಡೆ ನಾಲಿಗೆ ಮೇಲಕ್ಕೊತ್ತು, ಬಲಗಡೇದು ಕೆಳಕ್ಕೆ,
ಎರಡೂ ಒಟ್ಟಿಗೆ. ಹ್ಞಾಂ. ಈಗ ಕೂಸು ಎತ್ತಿಕೊಂಡಂಗೆ ಎತ್ತಿಕೋ.
ಸಕ್ಕರೆ ಕಾಯಿಲೆ ತಿಂದ ಕಣ್ಣು ಗೋಡೆಯ ಕಡೆಗಿದೆ,
ಬೆರಳು ಮಾತ್ರ ಗಾಳಿಯಲ್ಲಿ ನಾಲಿಗೆ ಒತ್ತುತ್ತಿವೆ.

ಮೊದಲನೆಯದರಲ್ಲಿ ವಾಷರು, ಸರ್ಕ್ಲಿಪ್ಪು,
ಯಾವುದೋ ಲಾರಿಯ ಕೀಲಿ, ನಂಬರಿಲ್ಲ.
ಎರಡನೆಯದರ ತಳದಲ್ಲಿ ಗ್ರೀಸಿನ ಗಸಿ ಹಲ್ವದಂತೆ ಗಟ್ಟಿ:
ಮೇಲಿನ ಪದರು ಮಂಡಕ್ಕಿ ಭಟ್ಟಿಯ ಮಸಿ,
ಅದರಡಿ ಕೆಂಪು ಧೂಳು, ಬೈಪಾಸ್ ಆಗುವ ಮುಂಚಿನದು,
ತೀರಾ ಅಡಿಗೆ, ಉಗುರಲ್ಲಿ ಕೆರೆದರೆ, ಅರಳೆಯ ಬಿಳೀ ಎಳೆ,
ಮಿಲ್ಲು ಇನ್ನೂ ಉಸಿರಾಡುತ್ತಿದ್ದಾಗ ಬಿಟ್ಟದ್ದು.

ತಗಡಿನ ಬಾನಿಯಲ್ಲಿ ಒಂದಿಷ್ಟು ಡೀಸೆಲ್.
ಒಂದೊಂದೇ ಹಾಕುತ್ತೇನೆ; ಬಿದ್ದ ಸದ್ದಿಗೇ ಅವರು ಹೇಳುತ್ತಾರೆ:
ಹತ್ತು-ಹನ್ನೊಂದು. ಹದಿನೇಳರ ರಿಂಗು. ಅದು ಇಕ್ಕಳ, ಸ್ಪ್ರಿಂಗ್ ಹೋಗೈತಿ.
ಬೇಕೆಂದೇ ನನ್ನ ಟಿಫಿನ್ನಿನ ಚಮಚ ಹಾಕಿದೆ.
ಏ ಬದ್ಮಾಶ್, ಅಂದು ನಕ್ಕರು.

ನಾಲ್ಕನೇ ಖಾನೆ ನಾಲ್ಕು ಬೆರಳು ಹೊರಗೇ ನಿಲ್ಲುತ್ತಿತ್ತು,
ನಾನು ಬಂದಾಗಿನಿಂದ, ಹನ್ನೊಂದು ವರ್ಷ.
ಪಟ್ಟಿ ಬಾಗೈತಿ ಅನ್ನುವರು, ದಾಟುವಾಗೆಲ್ಲ
ಮೊಣಕಾಲಲ್ಲಿ ಒಂದು ಗುದ್ದು. ಅದು ಒಳಗೆ ಹೋಗದು.
ಅವರ ಪೈಜಾಮ ಅಲ್ಲೇ ಸವೆದು ಜಾಳಾಗಿದೆ.

ತೆಗೆದೆ. ಪಟ್ಟಿ ನೆಟ್ಟಗಿತ್ತು.
ಗೂಡಿನ ಕತ್ತಲಿಗೆ ತೋಳು ತೂರಿದೆ.
ಜಿರಲೆಯ ಒಣ ರೆಕ್ಕೆ, ಅರ್ಧ ಬೀಡಿ,
ಆಮೇಲೆ ತಣ್ಣಗೆ, ಹಿಂದಿನ ತಗಡಿಗೆ ಓರೆಯಾಗಿ ಒರಗಿ,
ಹದಿನಾಲ್ಕು-ಹದಿನೈದರ ಪಾನಾ.

ಹಾಲೇಶ ಕದ್ದ ಪಾನಾ.

ಹಾಲೇಶನನ್ನು ನಾನು ನೋಡಿಲ್ಲ.
ಅವನ ಜಾಗಕ್ಕೆ ಬಂದವನು, ಅವನ ಮೊಳೆಗೆ ಅಂಗಿ ತೂಗುಹಾಕಿದವನು.
ಎರಡು ಬಿಗಿದು ಓಡಿಸಿದ್ದರಂತೆ. ಮಾರನೇ ದಿನ ಅವರವ್ವ ಬಂದು
ಸೆರಗಿನ ಗಂಟು ಬಿಚ್ಚಿ ನೂರಾ ನಲವತ್ತು ರೂಪಾಯಿ
ಈ ಪೆಟ್ಟಿಗೆ ಮೇಲೇ ಇಟ್ಟು ಹೋದಳಂತೆ, ಮಾತಾಡದೆ.
ಆ ದುಡ್ಡಲ್ಲಿ ತಂದ ಹೊಸ ಪಾನಾ ಹಿಡಿದೇ
ನಾನು ಕೆಲಸ ಕಲಿತದ್ದು.

ಅಂಗಿಯೊಳಗೆ ಸೇರಿಸಿಕೊಂಡು ಹೋಗಬಹುದಿತ್ತು,
ಭಟ್ಟಿ ಹಿಂದಿನ ಗಟಾರ ಎಂಥೆಂಥದನ್ನೋ ನುಂಗಿದೆ.
ಎಣ್ಣೆಗೈ. ಜಾರಿತೋ, ನಾನೇ ಬಿಟ್ಟೆನೋ,
ಬಾನಿಗೆ ಬಿತ್ತು.

ಮೇಸ್ತ್ರಿ ಬಾಯಿ ತೆರೆದರು. ನಂಬರು ಬರಲಿಲ್ಲ.
ಹೊರಗೆ ಮಿರ್ಚಿ ಗಾಡಿಯವನ ಜಾಲರಿ ಬಾಣಲೆಗೆ ಬಡಿಯುತ್ತಿತ್ತು.
ಬಹಳ ಹೊತ್ತಾದ ಮೇಲೆ: ಇನ್ನೊಂದ್ಸಲ ಹಾಕು.
ಎತ್ತಿ ಹಾಕಿದೆ.
ಇನ್ನೊಂದ್ಸಲ.

ಬನಿಯನ್ ಚೂರಲ್ಲಿ ಒರೆಸಿ, ಚಾಚಿದ ಕೈಗೆ ಕೊಟ್ಟೆ.
ಹೆಬ್ಬೆರಳು ಅಂಕಿಗಳ ಮೇಲೆ ಓಡಾಡಿತು, ಒಂದು, ನಾಲ್ಕು.
ಅವರವ್ವ ಹರಿಹರದ ಕಡೆಯಾಕಿ, ಅಂದರು. ಅಷ್ಟೇ.
ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲಿಲ್ಲ.
ನಾನೂ ಹೇಳಲಿಲ್ಲ, ಹತ್ತು ನಿಮಿಷಕ್ಕೊಂದು ಇದೆ ಅಂತ.

ಸಂಜೆ ಖಾನೆಗಳನ್ನೆಲ್ಲ ಮತ್ತೆ ಕೂರಿಸಿದೆ.
ನಾಲ್ಕನೆಯದು ಬೆರಳು ತಾಕಿದ್ದೇ ಸಾಕು,
ಹೋಗಿ ಮುಚ್ಚಿಕೊಂಡಿತು.
ಮೇಸ್ತ್ರಿ ಗೋಡೆ ಹಿಡಿದು ಶಟರಿನ ಕಡೆ ಹೊರಟರು,
ಪಾನಾದ ಭಾರಕ್ಕೆ ಜುಬ್ಬದ ಜೇಬು ಒಂದು ಕಡೆ ಜೋತಿತ್ತು.
ಪೆಟ್ಟಿಗೆ ದಾಟುವಾಗ, ರೂಢಿ,
ಮೊಣಕಾಲು ಎತ್ತಿ ಗುದ್ದಿದರು.

ಏನೂ ತಾಗಲಿಲ್ಲ. ಆಯ ತಪ್ಪಿ
ಬೀಳುತ್ತಿದ್ದರು. ತೋಳು ಹಿಡಿದೆ.