ಗಾಳಿ ತೆಗೆಯುವುದು

ರೈಲ್ವೆ ಸ್ಲೀಪರಿನ ನಾಲ್ಕು ತುಂಡುಗಳ ಮೇಲೆ
ಚಕ್ರ ಬಿಚ್ಚಿಸಿಕೊಂಡು ಕೂತಿದೆ ಮ್ಯಾಟಡೋರ್,
ಸ್ವರ್ಣಸಂದ್ರದ ನಮ್ಮ ಗಲ್ಲಿಗೆ ಅಡ್ಡವಾಗಿ.
ಒಂದು ಕಾಲಕ್ಕೆ ಕಣ್ಣಿನ ಶಿಬಿರದ ಗಾಡಿ.
ಅಕ್ಷರದ ಪಟ್ಟಿ ತೂಗುತ್ತಿದ್ದ ಮೊಳೆಗೆ
ಈಗ ನಮ್ಮ ಸೌಟು.
ಮಲಗಲು ಎರಡು ಹಲಗೆ, ಸಣ್ಣದೊಂದು ಸಿಲಿಂಡರು,
ಕಿಟಕಿಗೆ ಅತ್ತೆ ಹೊಲಿದ ಪರದೆ.
ಎಲ್ಲ ಇದೆ. ನಿಲ್ಲುವುದೊಂದು ಇಲ್ಲ.

ಅಡಿಗೆ ನುಸುಳಿ ಅಂಗಾತ ಮಲಗಿ ನೋಡಿದೆ.
ಬ್ರೇಕ್ ಪೈಪಿನ ಮೈತುಂಬ ತುಕ್ಕು,
ಒಣಗಿದ ಹುಣಿಸೆ ಸಿಪ್ಪೆಯ ಹಾಗೆ;
ಉಗುರಲ್ಲಿ ಕೆರೆದರೆ ಪುಡಿ ಬಾಯಿಗೇ ಬಿತ್ತು.
ಮೆಕ್ಯಾನಿಕ್ ಬೋರಲಿಂಗು ಅಂದ: ಮುಂದಿನ ವಾರ.
ಆರು ಸಲ ಅಂದ, ಮುಂದಿನ ವಾರ.
ಏಳನೆಯ ವಾರ ಪೈಪಿನ ಸುರುಳಿ ನಾನೇ ತಂದೆ.

ಇಪ್ಪತ್ತೆರಡು ವರ್ಷದಿಂದ ಡಯಾಲಿಸಿಸ್ ವಾರ್ಡಿನಲ್ಲಿ
ಕೊಳವೆ ಜೋಡಿಸುವ ಕೈ ಇದು.
ಒಂದು ಗುಳ್ಳೆ ನುಸುಳಿದರೆ ಯಂತ್ರ ಕೂಗುತ್ತದೆ,
ಅದಕ್ಕೂ ಮೊದಲು ನನ್ನ ಎದೆ.

ಫ್ರಿಜ್ ರಿಪೇರಿಯ ನಯೀಮುಲ್ಲಾ ಉಪಕರಣ ತೋರಿಸಿದರು:
"ನಂದು ಒಂದೇ ಮಡಿಕೆ ಕಣಮ್ಮ, ತಂಪಿಗೆ ಸಾಕು.
ಬ್ರೇಕಿಗಾದ್ರೆ ಅಂಚು ಒಳಕ್ಕೆ ಇನ್ನೊಂದ್ಸಲ ಮಡೀಬೇಕು,
ಅದರ ಅಚ್ಚೇ ಬೇರೆ."
ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದ ಅತ್ತೆ
ಒಳಗಿಂದಲೇ ಅಂದರು: "ಎಮ್ಮಿಂಗು."

ಮೊದಲ ಪೈಪು ಅಳೆದೆ, ಕೊಯ್ದೆ,
ಮೊಣಕಾಲಿಗೆ ಒತ್ತಿ ಮೆಲ್ಲಗೆ ಬಗ್ಗಿಸಿದೆ,
ಎರಡೂ ತುದಿ ಮಡಿಸಿ ಬೆಳಕಿಗೆ ಹಿಡಿದೆ.
ಎಂಥ ಚೆಂದ!
ಆಮೇಲೆ ನೋಡುತ್ತೇನೆ,
ಮೊದಲೇ ಪೋಣಿಸಬೇಕಿದ್ದ ನಟ್ಟುಗಳೆರಡೂ
ಚಾಪೆಯ ಮೇಲೆ ಕೂತು ನನ್ನನ್ನೇ ನೋಡುತ್ತಿವೆ.
ಅತ್ತೆ ನಗಲಿಲ್ಲ.
ಲಾಡಿಗೆ ಬಾಯಿ ಬಿಡದೆ ಲಂಗ ಹೊಲಿದು ಕೊಟ್ಟ
ಮದ್ದೂರಿನ ಯಾರದೋ ಕತೆ ತೆಗೆದರು,
ಅದಕ್ಕೆ ನಕ್ಕರು, ಬಹಳ ಹೊತ್ತು.

ಸಂಜೆ. ಸಕ್ಕರೆ ಕಾರ್ಖಾನೆ ಕಡೆಯಿಂದ ಕಾಕಂಬಿಯ ವಾಸನೆ.
ಎಡ ಹಿಂಚಕ್ರ ಮೊದಲು, ಅದೇ ದೂರದ್ದು.
ಬಾಟಲಿ, ಸ್ಪ್ಯಾನರು, ಒಳಗು ಕಾಣುವ ನಳಿಗೆ
(ಆಸ್ಪತ್ರೆಯದಲ್ಲ, ಮೀನಿನ ತೊಟ್ಟಿ ಮಾರುವವನದು).
ಡ್ರೈವರ್ ಸೀಟಿನಲ್ಲಿ ಅತ್ತೆ, ಹುಟ್ಟಿದಮೇಲೆ ಮೊದಲ ಸಲ,
ಸೆರಗು ಸಿಕ್ಕಿಸಿ, ಬರಿಗಾಲಲ್ಲಿ.

"ಒತ್ತಿ."
"ಒತ್ತಿವ್ನಿ."
"ಹಂಗೇ ಹಿಡ್ಕೊಳ್ಳಿ, ನಾನು ಹೇಳೋಗಂಟ ಬಿಡಬೇಡಿ."
"ಇದೇನೇ ಪ್ರಭಾ, ತಳಕ್ಕೇ ಹೋಯ್ತದಲ್ಲ!"
ಮೊದಲು ಬರೀ ಕೆಮ್ಮು.
ಆಮೇಲೆ ಚಕ್ರದೊಳಗೆ ಕೂತಿದ್ದ ಹಳೇ ಎಣ್ಣೆ,
ಸೀದ ಬೆಲ್ಲದ ಪಾಕ.
ಗುಳ್ಳೆ, ಗುಳ್ಳೆ, ಸಾಲುಗಟ್ಟಿ ಸಣ್ಣ ಗುಳ್ಳೆ.
"ಬಿಡಿ. ಇನ್ನೊಂದ್ಸಲ."

ಗಾಳಿ ಕೆಟ್ಟದ್ದೇನಲ್ಲ.
ಒತ್ತಿದರೆ ತಾನೇ ಕುಗ್ಗುತ್ತದೆ, ಅಷ್ಟೇ;
ಇತ್ತ ತುಳಿದದ್ದು ಅತ್ತ ಮುಟ್ಟುವುದಿಲ್ಲ.
ಇದನ್ನು ಅತ್ತೆಗೆ ವಿವರಿಸಲು ಹೋದೆ.
"ಮಾತು ಬುಡು, ಕಾಲು ನೋಯ್ತದೆ" ಅಂದರು.

ಎಷ್ಟನೆಯ ಸಲವೋ, ನಳಿಗೆಯಲ್ಲಿ ತಿಳಿಹಳದಿ,
ಒಂದು ಗುಳ್ಳೆಯೂ ಇಲ್ಲ.
ಮೇಲಿನಿಂದ ದನಿ: "ಕಲ್ಲು ಸಿಕ್ತು ಕಣೆ."

ರಾತ್ರಿ ಪ್ರತಿ ಕೀಲಿನ ಕೆಳಗೂ ಪೇಪರ್ ಹಾಸಿದೆ.
ಬೆಳಗ್ಗೆ ಎದ್ದು ನೋಡಿದರೆ ಒಂದರ ಮೇಲೆ ಒದ್ದೆ.
ಮೂಸಿದೆ. ಪಕ್ಕದ ಮನೆಯ ಬೆಕ್ಕು.

ಮಂಡ್ಯದಲ್ಲಿ ಇಳಿಜಾರು ಹುಡುಕುವುದು ಕಷ್ಟ,
ಗದ್ದೆಯ ಹಾಗೆ ರಸ್ತೆಯೂ ಸಮ.
ನಾಲೆ ಏರಿಯಿಂದ ಇಳಿಯುವ ಹಾದಿಯೊಂದಿದೆ,
ಅಲ್ಲಿವರೆಗೆ ಮೊದಲ ಗೇರಿನಲ್ಲೇ ಹೋದೆವು,
ಸೈಕಲ್ಲಿನವರು ತಿರುಗಿ ನೋಡುತ್ತ ಮುಂದೆ ಹೋದರು.
ಇಳಿಜಾರಿನ ಬುಡದಲ್ಲಿ ಕಬ್ಬಿನ ಟ್ರಾಕ್ಟರು ಅಡ್ಡ.
ತುಳಿದೆ.
ಮೊಳೆಯ ಮೇಲೆ ಸೌಟು ಮುಂದಕ್ಕೆ ತೂಗಿ
ಹಿಂದಕ್ಕೆ ಬಂತು.
ಗಾಡಿ ನಿಂತಿತ್ತು.

ಪಕ್ಕಕ್ಕೆ ತಿರುಗಿದೆ.
ಪೆಡಲ್ಲೇ ಇಲ್ಲದ ಕಡೆ, ಬರೀ ತಗಡಿನ ಮೇಲೆ
ಅತ್ತೆಯ ಬಲಗಾಲು ಒತ್ತಿ ಹಿಡಿದಂತೆಯೇ ಇತ್ತು,
ಬೆರಳು ಬಿಳಿಚುವಷ್ಟು.
"ಬಿಡ್ಲೇನೇ?" ಅಂದರು.