ಒಂಬತ್ತನೇ ದಿನ, ತ್ರಿಯೆಸ್ತೆ

ಇಲ್ಲಿ ಗಾಳಿಗೂ ಹೆಸರಿದೆ: ಬೋರಾ.
ಊರಿಗೆಲ್ಲ ಸಾಲ ಕೊಟ್ಟವಳಂತೆ
ಬಾಗಿಲು ಬಡಿಯುತ್ತಾಳೆ.

ಕಲ್ಲುಕಟ್ಟೆಗೆ ಹಾರಿದ ಕಡಲು
ಬಿದ್ದಲ್ಲೇ ಗಾಜಾಗಿದೆ.
ಹಡಗು ಬಿಗಿಯುವ ಕಬ್ಬಿಣದ ಗೂಟಗಳಿಗೆ
ರಾತ್ರೋರಾತ್ರಿ ಬಿಳಿ ಗಡ್ಡ.
ನೂರಾರು ವರ್ಷದ ಅರಮನೆಗಳು
ಕಿಟಕಿ ಮುಚ್ಚಿ ಸುಮ್ಮನಿವೆ; ಅವಕ್ಕೆ ರೂಢಿ.

ಚೌಕ ದಾಟಲಾರದೆ
ದೀಪದ ಕಂಬ ತಬ್ಬಿ ನಿಂತೆ.
"ಬೆನ್ನು ಕೊಡಬೇಡ, ಹೆಗಲು ಕೊಡು"
ಎಂದಿರಬೇಕು ಮೀನುಬುಟ್ಟಿಯ ಮುದುಕಿ.
ನನಗೆ ತಿಳಿದದ್ದು ಅವಳ ಹೆಗಲು ಮಾತ್ರ.
ಅದಕ್ಕೇ ಜೋತು ಎರಡು ಬೀದಿ ನಡೆದೆ.
ಟೋಪಿ ಆಗಲೇ ನೀರುಪಾಲು.

ಬೇಕರಿಯ ಮೆಟ್ಟಿಲಲ್ಲಿ ನಿಂತು
ಏನೋ ಕೇಳಿದಳು. ಯಾವೂರು ಅಂತಲೇ ಇರಬೇಕು.
"ಬಾತುಮಿ" ಎಂದೆ.
ಹೊಸಿಲಲ್ಲಿ ಗಾಳಿ ಅರ್ಧ ಕಿತ್ತುಕೊಂಡಿತು.

"ಬಾ?" ಎಂದಳು,
ಮೊಣಕೈಯಲ್ಲಿ ಬಾಗಿಲು ದೂಡುತ್ತ.
ಒಳಗೆ ಬೆಚ್ಚನೆ ಬ್ರೆಡ್ಡಿನ ವಾಸನೆ,
ಅವಳ ಬುಟ್ಟಿಯ ಮೀನಿನದೂ.