ಎಡದಿಂದ ಓದಿ

ಈ ಸಲ ಯೆಲ್ಕಾ ಫುರ್ಲಾನ್ ಹಾಳೆ ಕಳಿಸಲಿಲ್ಲ.
ಗೋಣಿಚೀಲದಲ್ಲಿ ಸುರುಳಿ ಸುತ್ತಿ
ಹದಿನೆಂಟು ಮೀಟರ್ ಹಗ್ಗ ಕಳಿಸಿದಳು.
ಜೊತೆಗೊಂದು ಚೀಟಿ: ಎಡದಿಂದ ಓದಿ.

ಹಗ್ಗಕ್ಕೆ ಎಡ ಯಾವುದು?

ತ್ರಿಯೆಸ್ತೆಯ ಹಳೇ ಬಂದರಿನಲ್ಲಿ
ಒಂದು ಕಾಲಕ್ಕೆ ಕಾಫಿಮೂಟೆ ಪೇರಿಸುತ್ತಿದ್ದ ಗೋದಾಮು
ನಮ್ಮ ತಾಲೀಮಿನ ಜಾಗ.
ನಾನು ಚೆಲ್ಲೊ. ಒತ್ತೋನೆ ಬಸೂನ್ ಊದುವವನು.
ಕುಣಿಯುವವಳು ಲೂಚಿಲ್ಲಾ, ಮೊದಲ ದಿನವೇ ಬೂಟು ಬಿಚ್ಚಿ
ಹಗ್ಗದುದ್ದಕ್ಕೂ ಬರಿಗಾಲಲ್ಲಿ ನಡೆದು
"ಇಲ್ಲಿ ಒತ್ತುತ್ತೆ, ಇಲ್ಲಿ ಒತ್ತಲ್ಲ" ಅಂದಳು.
ಅವಳ ಪಾಠ ಮುಗಿಯಿತು.

ನಮಗೆ ಮುಗಿಯಲಿಲ್ಲ.
ಸಣ್ಣ ಗಂಟೆಂದರೆ ಗಿಡ್ಡ ಸ್ವರವೋ, ಮೆಲುವಾದದ್ದೋ?
ಎರಡು ಗಂಟಿನ ನಡುವಿನ ನುಣುಪು ಮೌನವೋ,
ಎಳೆಯಬೇಕಾದ ಒಂದೇ ಉಸಿರೋ?
ಡಾಂಬರು ಮೆತ್ತಿದ ಕಡೆ?
ಇಲಿ ಕಡಿದ ಕಡೆ?
ಒತ್ತೋನೆ ಗಂಟುಮುಖ ಹಾಕಿಕೊಂಡು ಕೂತ.
ಅದನ್ನೂ ಅವಳೇ ಬರೆದು ಕಳಿಸಿದ್ದಾಳೇನೋ
ಅಂದೆ ನಾನು. ಯಾರೂ ನಗಲಿಲ್ಲ.

ಮೂರನೇ ದಿನ ಅವಳೇ ಬಂದಳು,
ರಬ್ಬರ್ ಬೂಟಿನಲ್ಲಿ, ನೆಗಡಿ ಹಿಡಿಸಿಕೊಂಡು.
ಕೇಳಿದ್ದಕ್ಕೆಲ್ಲ ಒಂದೇ ಉತ್ತರ:
"ಐದು ಗೆರೆಯ ಮೇಲೆ ಗಾಳಿ ಕೂರೋದಿಲ್ಲ."
ಬೋರಾ ಬೀಸುವ ದಿನ ಈ ಊರಿನ ಮೂಲೆಮೂಲೆಗೆ
ಹಗ್ಗ ಕಟ್ಟುತ್ತಿದ್ದರಂತೆ, ಜನ ಹಾರಿಹೋಗದಿರಲಿ ಅಂತ.
ಅವಳಜ್ಜಿ ಅದನ್ನು ಹಿಡಿದೇ ಬ್ರೆಡ್ಡು ತರುತ್ತಿದ್ದಳು,
ಅಂಗೈಗೇ ಗೊತ್ತು:
ಈ ಗಂಟಿಗೆ ಔಷಧಿ ಅಂಗಡಿ, ಈ ಗಂಟಿಗೆ ಮನೆ.
"ಇದೂ ಹಾಗೇ. ಹಿಡಿದುಕೊಂಡು ನುಡಿಸಿ."

ಹಿಡಿದೆವು. ಬಿಲ್ಲಿನ ಕೈಗೆ ನಾರು ಚುಚ್ಚಿತು,
ತಂತಿಗೆಲ್ಲ ಡಾಂಬರಿನ ವಾಸನೆ.
ಗಂಟು ಬಂದಲ್ಲಿ ಗಂಟಲು ಕಟ್ಟಿದ ಹಾಗೆ ಒತ್ತುತ್ತಿದ್ದೆ,
ಸ್ವರ ಒಡೆಯುತ್ತಿತ್ತು; ಅವಳು ತಲೆಯಾಡಿಸುತ್ತಿದ್ದಳು,
ಹೌದೆಂದೋ, ಅಲ್ಲವೆಂದೋ.

ಕಚೇರಿಯ ರಾತ್ರಿ ಅರವತ್ತು ಜನ. ಚಪ್ಪಾಳೆ ಸುಮಾರು.
ಎಲ್ಲ ಎದ್ದ ಮೇಲೂ ಒಬ್ಬ ಮುದುಕ ಉಳಿದ,
ದೂಯಿಲ್ಯೊ, ನಲವತ್ತು ವರ್ಷ ಇದೇ ಕಟ್ಟೆಗೆ
ಹಡಗುಗಳನ್ನು ಕಟ್ಟಿಹಾಕಿದವನು.
ಬಗ್ಗಿ ಆ ಕೊನೆಯ ಗಂಟನ್ನು,
ನಾವೆಲ್ಲ ಸೇರಿ ಎರಡು ನಿಮಿಷ ಅಬ್ಬರಿಸಿದ ಗಂಟನ್ನು,
ಹೆಬ್ಬೆರಳಲ್ಲಿ ಮುಟ್ಟಿ ನೋಡಿದ.
"ಇದಕ್ಕೆ ಯಾಕೆ ಕಿರುಚಿದಿರಿ?
ಬಿಚ್ಚೋದಕ್ಕೇ ಅಂತ ಹಾಕೋ ಗಂಟು ಇದು."
ತುದಿ ಹಿಡಿದು ಒಮ್ಮೆ ಎಳೆದ.

ಸರ್ರನೆ ಒಂದು ಸದ್ದು,
ನಾರಿಗೆ ನಾರು ಉಜ್ಜಿದ್ದು.
ಆಮೇಲೆ ಹಲಗೆಗೆ ಹಗ್ಗದ ತುದಿ ಬಿದ್ದದ್ದು.

ಮೂಗು ಒರೆಸಿಕೊಳ್ಳುತ್ತಿದ್ದ ಯೆಲ್ಕಾ
ಕರವಸ್ತ್ರ ಹಾಗೇ ಹಿಡಿದು ನಿಂತಳು.
"ಇನ್ನೊಮ್ಮೆ," ಅಂದಳು.
"ಇನ್ನೊಮ್ಮೆ ಹೇಗೆ? ಬಿಚ್ಚಾಯಿತಲ್ಲ."
ಟೋಪಿ ಹಾಕಿಕೊಂಡು ಹೊರಟೇಬಿಟ್ಟ,
ಅವನ ಕೊನೇ ಬಸ್ಸು ಹತ್ತು ಐವತ್ತಕ್ಕೆ.

ಬಹಳ ಹೊತ್ತಿನ ಮೇಲೆ, ಮೆಟ್ಟಿಲಿಳಿಯುತ್ತಾ, ನನ್ನೊಬ್ಬಳಿಗೇ ಹೇಳಿದಳು:
ಆ ಗಂಟು ಅವಳು ಹಾಕಿದ್ದಲ್ಲ.
ಹಳೇ ಹಗ್ಗ, ಕೊಂಡಾಗಲೇ ಇತ್ತು.

ಇವತ್ತು ಅಂಚೆ ಕಚೇರಿಯಲ್ಲಿ ಸಾಲು ಉದ್ದ.
ಹಗ್ಗ ಸಾರಾಯೆವೊಗೆ ಹೋಗಬೇಕು.
ತೂಕ ಮೂರು ಕಿಲೋ ಇನ್ನೂರು.
ಒಳಗೇನು, ಕೇಳುತ್ತದೆ ಸುಂಕದ ಫಾರಮ್ಮು.
ಸಂಗೀತ ಅಂತ ಬರೆದು ಹೊಡೆದುಹಾಕಿದೆ.
ಹಗ್ಗ, ಬಳಸಿದ್ದು.
ಬೆಲೆಯ ಚೌಕ ಖಾಲಿ ಬಿಟ್ಟೆ.
ತುದಿಯಲ್ಲಿ ಗಂಟು ಮಲಗಿದ್ದ ಕಡೆ
ಒಂದು ಬಾಗು ಇನ್ನೂ ನೆಟ್ಟಗಾಗಿಲ್ಲ,
ಅಲ್ಲಿಯವರು ಅದನ್ನೂ ನುಡಿಸಿಬಿಡುತ್ತಾರೇನೋ.
ಕಿಟಕಿಯ ಹುಡುಗ ಪೊಟ್ಟಣ ಅಲ್ಲಾಡಿಸಿ ನೋಡಿ
ಅಂಟುಪಟ್ಟಿ ಸಾಲದು,
ಇನ್ನೊಂದು ಸುತ್ತು ಹಾಕಿ ಅಂದ.